ತೋಳದ ಬೆಲೆಯನ್ನು ಯಾರನ್ನು ಕೇಳಬೇಕು?

ಪುಣೆಯಿಂದ ಸೊಲ್ಲಾಪುರದ ಕಡೆ ಬಸ್ಸಿನಲ್ಲಿ ಹೋದವರಿಗೆ ಇಂದಾಪುರದ ಸುತ್ತಮುತ್ತ ಕಾಣೋದು ಒಣಹುಲ್ಲು, ಕುರುಚಲು ಜಾಲಿ, ಅಲ್ಲಲ್ಲಿ ಕುರಿಮಂದೆ. ಏನೂ ಇಲ್ಲದ ಬಯಲು ಅಂತ ನಾವು ಕಣ್ಣು ಮುಚ್ಚಿ ನಿದ್ದೆ ಹೋಗುತ್ತೇವೆ. ಸರಕಾರಿ ದಾಖಲೆಗಳಲ್ಲೂ ಇಂಥ ಎಷ್ಟೋ ಹುಲ್ಲುಗಾವಲುಗಳ ಹೆಸರು ಬಂಜರು ಭೂಮಿ. ಆದರೆ ಚಿಂಕಾರ, ನರಿ, ತೋಳ ಬದುಕಿರುವುದು ಇಲ್ಲೇ. ಇಡೀ ದೇಶದಲ್ಲಿ ಈಗ ತೋಳಗಳು ಸುಮಾರು 3,000 ಅಂತ ಅಂದಾಜು. ಹುಲಿಗಿಂತಲೂ ಕಡಿಮೆ!

ಈ ತೋಳ ಉಳಿಯುವುದರ ಬೆಲೆ ಎಷ್ಟು? ಸಂತೆಯಲ್ಲಿ ಕುರಿಗೆ ದರವಿದೆ, ತೋಳಕ್ಕಿಲ್ಲ. ರಸ್ತೆಗೋ ಕಾರ್ಖಾನೆಗೋ ಆ ಬಯಲನ್ನು ಕೇಳಿದಾಗ ಒಂದು ಕಡೆ ಕೋಟಿಗಳ ಲೆಕ್ಕ, ಇನ್ನೊಂದು ಕಡೆ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ಒಂದು ಅಂಕಿ ಬರೆಯಲು ಅರ್ಥಶಾಸ್ತ್ರಜ್ಞರು ಕೆಲವು ದಾರಿಗಳನ್ನು ಹುಡುಕಿದ್ದಾರೆ.

ಒಂದು, ಪ್ರಯಾಣ ವೆಚ್ಚದ ಲೆಕ್ಕ. ಪುಣೆಯ ಅರಣ್ಯ ಇಲಾಖೆ ಇಂದಾಪುರ ತಾಲೂಕಿನ ಕಡಬನವಾಡಿ, ಬಾರಾಮತಿ ತಾಲೂಕಿನ ಶಿರ್ಸುಫಳದಲ್ಲಿ ಹುಲ್ಲುಗಾವಲು ಸಫಾರಿ ನಡೆಸುತ್ತಿದೆ. ಅಲ್ಲಿಗೆ ಹೋಗುವವರ ಟಿಕೆಟ್, ಪೆಟ್ರೋಲು, ಒಂದು ದಿನದ ಸಮಯ ಎಲ್ಲ ಸೇರಿಸಿದರೆ ಆ ಪ್ರಾಣಿಗಳನ್ನು ನೋಡಲು ಜನ ಎಷ್ಟು ಬಿಟ್ಟುಕೊಡುತ್ತಾರೆ ಅಂತ ಗೊತ್ತಾಗುತ್ತೆ. ಸರಿ, ಆದರೆ ಎಂದೂ ಅಲ್ಲಿಗೆ ಹೋಗದವರು? ತೋಳ ಇದೆ ಅನ್ನುವುದೇ ಅವರಿಗೆ ಸಮಾಧಾನ ಇರಬಹುದು. ಇದಕ್ಕೆ ಅಸ್ತಿತ್ವದ ಮೌಲ್ಯ ಅಂತಾರೆ. ಮೊಮ್ಮಕ್ಕಳಿಗೂ ಉಳಿಯಲಿ ಅನ್ನುವುದು ಇನ್ನೊಂದು ಮೌಲ್ಯ. ವಕ್ಫ್ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲವನ್ನು ಮಾರದೆ, ಮುಂದೆ ಬರುವವರಿಗೆ ಅದರ ಪ್ರಯೋಜನ ಸಿಗುವಂತೆ ಬಿಟ್ಟುಹೋಗುವ ಮನಸ್ಸು ಅದು.

ಈ ಮನಸ್ಸನ್ನು ಅಳೆಯಲು ನೇರವಾಗಿ ಕೇಳುವುದೇ ದಾರಿ: "ತೋಳ ಉಳಿಸುವ ಯೋಜನೆಗೆ ವರ್ಷಕ್ಕೆ ಇಷ್ಟು ಕೊಡ್ತೀರಾ?" ಈ ವಿಧಾನ ಜಗತ್ತಿನ ಗಮನ ಸೆಳೆದದ್ದು 1989ರಲ್ಲಿ ಅಲಾಸ್ಕಾದ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿ ಲಕ್ಷಾಂತರ ಹಕ್ಕಿಗಳು ಸತ್ತಾಗ. ಅಂಥ ಅನಾಹುತ ಮತ್ತೆ ಆಗದಂತೆ ತಡೆಯಲು ಎಷ್ಟು ಕೊಡುವಿರಿ ಅಂತ ಅಮೆರಿಕದ ಮನೆಗಳನ್ನು ಕೇಳಿದರು. ಒಂದು ಮನೆಗೆ ಸುಮಾರು 31 ಡಾಲರ್ ಬಂತು. ಎಲ್ಲ ಮನೆಗಳಿಗೆ ಗುಣಿಸಿದಾಗ 280 ಕೋಟಿ ಡಾಲರ್! ಬಾಯಲ್ಲಿ ಹೇಳಿದ್ದನ್ನು ಲೆಕ್ಕ ಅನ್ನಬಹುದಾ ಅಂತ ದೊಡ್ಡ ಜಗಳವಾಯಿತು. 1993ರಲ್ಲಿ ಕೆನೆತ್ ಆ್ಯರೋ, ರಾಬರ್ಟ್ ಸೋಲೋ ಅವರಿದ್ದ ಸಮಿತಿ, ಬಿಗಿ ನಿಯಮಗಳಿದ್ದರೆ ಅನ್ನಬಹುದು ಎಂದಿತು. ಹೌದು ಅಥವಾ ಇಲ್ಲ ಅನ್ನುವಂತೆ ಕೇಳಬೇಕು, ಕೊಟ್ಟರೆ ಕೈಯಲ್ಲಿ ಬೇರೆ ಖರ್ಚಿಗೆ ಅಷ್ಟು ಕಡಿಮೆಯಾಗುತ್ತೆ ಅಂತ ನೆನಪಿಸಬೇಕು.

ನನಗೆ ಇದರಲ್ಲಿ ಚುಚ್ಚುವುದು ಬೇರೆಯೇ. ಹಿಂಜವಡಿಯ ಐಟಿ ಉದ್ಯೋಗಿಗೆ 500 ರೂಪಾಯಿ ಒಂದು ಊಟ. ಕುರಿ ಕಾಯುವ ಧನಗರನಿಗೆ ಅದು ಒಂದು ದಿನದ ಬದುಕು. ಅವನು 20 ರೂಪಾಯಿ ಅಂದರೆ ಪ್ರೀತಿ ಕಡಿಮೆ ಅಂತ ಅರ್ಥವಲ್ಲ, ಜೇಬು ಚಿಕ್ಕದು. ಬೆಂಗಳೂರಿನ ಐಸೆಕ್ ಸಂಸ್ಥೆಯ ಕೆ.ಎನ್. ನೈನನ್ ಮತ್ತು ಸಂಗಡಿಗರು ಕೊಡಗಿನ ಕಾಫಿ ಸೀಮೆಯಲ್ಲಿ ಆನೆ ಸಂರಕ್ಷಣೆಯ ಬಗ್ಗೆ ಕೇಳುವಾಗ ಹಣದ ಬದಲು ಸಮಯ ಕೇಳಿದರು: ಈ ಕೆಲಸಕ್ಕೆ ನಿಮ್ಮ ಎಷ್ಟು ಹೊತ್ತು ಕೊಡ್ತೀರಿ? ಬಡವನ ದಿನಕ್ಕೂ ಸಾಹುಕಾರನ ದಿನಕ್ಕೂ ಗಂಟೆ ಇಪ್ಪತ್ನಾಲ್ಕೇ. ಆದರೂ ಆ ಗಂಟೆಗಳನ್ನು ಕೊನೆಗೆ ಕೂಲಿಯ ದರದಲ್ಲಿ ರೂಪಾಯಿಗೆ ತಂದರೆ ಹಳೇ ವ್ಯತ್ಯಾಸ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತೆ.

ಇನ್ನೊಂದು ತಿರುವೂ ಇದೆ. ತೋಳ ಹಿಡಿಯುವುದು ಧನಗರನ ಕುರಿಯನ್ನೇ, ಐಟಿ ಉದ್ಯೋಗಿಯ ಕಾರನ್ನಲ್ಲ. ಹಾಗಾಗಿ ಧನಗರನನ್ನು "ಎಷ್ಟು ಕೊಡ್ತೀರಿ" ಅಂತ ಕೇಳುವುದೇ ತಪ್ಪು ಪ್ರಶ್ನೆ. "ಈ ನಷ್ಟ ಸಹಿಸಲು ನಿಮಗೆ ಎಷ್ಟು ಸಿಗಬೇಕು" ಅಂತ ಕೇಳಬೇಕು. ಎರಡೂ ಪ್ರಶ್ನೆಗೆ ಒಬ್ಬನೇ ಮನುಷ್ಯ ಬೇರೆ ಬೇರೆ ಉತ್ತರ ಕೊಡುತ್ತಾನೆ, ಎರಡನೆಯದು ಸಾಮಾನ್ಯವಾಗಿ ಬಹಳ ದೊಡ್ಡದು. ಯಾವುದನ್ನು ಕೇಳುವುದು ಅನ್ನೋದು ಬಯಲಿನ ಮೇಲೆ ಹಕ್ಕು ಯಾರದು ಅಂತ ನಾವು ಮೊದಲೇ ಒಪ್ಪಿಕೊಂಡಿರುವುದರ ಮೇಲೆ ನಿಂತಿದೆ.

ಇಂಥ ವರದಿ ಕೈಗೆ ಸಿಕ್ಕ ವಿದ್ಯಾರ್ಥಿಗಳು ಕೋಟಿಗಳ ಅಂಕಿಗಿಂತ ಮೊದಲು ಪ್ರಶ್ನಾವಳಿಯ ಪುಟ ತೆರೆಯಲಿ. ಎಷ್ಟು ಮನೆ, ಯಾವ ಊರಿನವು, ಯಾವ ಭಾಷೆಯಲ್ಲಿ ಕೇಳಿದರು, ಕುರಿ ಕಾಯುವವರು ಅದರಲ್ಲಿ ಎಷ್ಟು ಮಂದಿ, ಎಲ್ಲ ಅಲ್ಲೇ ಇರುತ್ತೆ.