ನಲ್ಲಿಗಿಂತ ಮೊದಲೇ ಬಂದ ಊರು

ಮನೆಯಲ್ಲಿ ಸೊಳ್ಳೆಮರಿ ಸಿಕ್ಕರೆ ದಂಡ. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಕಟ್ಟಡ ಕಟ್ಟುವ ಜಾಗವಾದರೆ ನಗರದಲ್ಲಿ 2000. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿದಾಗ ಈ ದರಪಟ್ಟಿಯನ್ನೂ ಹೊರಡಿಸಿತು. ಡ್ರಮ್ಮು, ತೊಟ್ಟಿ, ಹೂಕುಂಡ, ಹಳೆಯ ಟೈರು, ಎಲ್ಲಿ ನೀರು ನಿಂತಿದ್ದರೂ ಹೊಣೆ ಮನೆಯವರದೇ.

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹೊಂದಿಕೊಂಡ ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರದ ವಠಾರಗಳಲ್ಲಿ ಬಾಗಿಲಿಗೊಂದು ನೀಲಿ ಡ್ರಮ್ಮು ನಿಂತಿರುತ್ತದೆ. ಅದು ಯಾರ ಹವ್ಯಾಸವೂ ಅಲ್ಲ. ನೀರು ಯಾವತ್ತು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಎಂಬುದು ಗೊತ್ತಿಲ್ಲದ ಮನೆಯಲ್ಲಿ ಬಂದಾಗ ತುಂಬಿಟ್ಟುಕೊಳ್ಳುವುದೇ ಸಂಸಾರದ ಮೊದಲ ಪಾಠ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥದೇ ನೀರು. ಅದು ಚರಂಡಿಯ ಕೊಳಚೆಯನ್ನು ಅಷ್ಟಾಗಿ ಹುಡುಕುವುದಿಲ್ಲ. ಮನೆಯೊಳಗೆ ಶೇಖರಿಸಿಟ್ಟ ತಿಳಿನೀರಿನ ಅಂಚಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕೂತಿದ್ದು ಮತ್ತೆ ನೀರು ಸೋಕಿದ ದಿನ ಒಡೆಯಬಲ್ಲದು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೇಳಿಕೊಂಡು ಬರುವುದು ಇದಕ್ಕೇ. ಮಾತು ಸರಿ. ಆದರೆ ಮುಂದಿನ ನೀರು ಯಾವಾಗ ಎಂದು ತಿಳಿಯದೆ ಇರುವ ನೀರನ್ನು ಚೆಲ್ಲುವ ಧೈರ್ಯ ಯಾರಿಗಿದೆ?

ಹೊರ ಬೆಂಗಳೂರಿನ ಆರೋಗ್ಯದ ಕಥೆ ಈ ಡ್ರಮ್ಮಿನಿಂದಲೇ ಶುರುವಾಗಬೇಕು. ಊರಿನಲ್ಲಿ ಏನು ಮೊದಲು ಬಂತು, ಏನು ಆಮೇಲೆ ಬಂತು ಎಂಬುದರ ಮೇಲೆ ಅಲ್ಲಿನ ಕಾಯಿಲೆಗಳು ನಿಂತಿವೆ. ಪೀಣ್ಯದಲ್ಲಿ ಮೊದಲು ಕಾರ್ಖಾನೆಯ ಶೆಡ್ಡುಗಳು ಎದ್ದವು. ಎಲೆಕ್ಟ್ರಾನಿಕ್ ಸಿಟಿಯನ್ನು ಸರ್ಕಾರಿ ಸಂಸ್ಥೆ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಟ್ಟಲು ಹೊರಟಾಗ ಅದು ಊರಾಚೆಯ ಹೊಲ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಹುಟ್ಟಿದ ಪುಟ್ಟ ವಸಾಹತು. 1990ರ ದಶಕದ ಕೊನೆಗೆ ಐಟಿಪಿಎಲ್ ಟೆಕ್ ಪಾರ್ಕ್ ಬಂದ ಮೇಲೆ ಅದರ ಸುತ್ತಲಿನ ಹಳ್ಳಿಗಳು ನೋಡನೋಡುತ್ತಲೇ ನಗರವಾದವು. 2001ರಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷ ದಾಟಿತು. ಕೆಲಸ ಬಂತು, ಕೆಲಸದ ಹಿಂದೆ ಜನ ಬಂದರು, ಜನರ ಹಿಂದೆ ಮನೆಗಳು ಎದ್ದವು. ನೀರಿನ ಕೊಳವೆ, ಒಳಚರಂಡಿ, ಫುಟ್‌ಪಾತು, ದವಾಖಾನೆ ಎಲ್ಲವೂ ಸಾಲಿನ ಕೊನೆಯಲ್ಲಿ ನಿಂತವು.

ಇದೇ ಬೆಂಗಳೂರು ಒಂದು ಕಾಲದಲ್ಲಿ ಕ್ರಮವನ್ನು ತಿರುಗಿಸಿ ಹಾಕಿತ್ತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಹೆಣಗಳು ಬಿದ್ದಾಗ, ಅದಾಗಲೇ ಕಾಗದದ ಮೇಲಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳಿಗೆ ಜೀವ ಬಂತು. ಅಗಲ ಬೀದಿ, ಮನೆಯಿಂದ ಮನೆಗೆ ಅಂತರ, ಹಿಂದುಗಡೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಮೊದಲು ಗಾಳಿ, ಬೆಳಕು, ಚರಂಡಿ; ಆಮೇಲೆ ಮನೆ. ಆ ಗಲ್ಲಿಗಳಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತಾರೆ, ಅದು ಬೇರೆ ಮಾತು. ಪ್ಲೇಗ್ ಮಾರಮ್ಮನ ಗುಡಿಗಳನ್ನು ಕಟ್ಟಿದವರು ಕಾಯಿಲೆಯನ್ನು ದೇವಿಯ ಮುನಿಸೆಂದು ತಿಳಿದಿರಬಹುದು. ಬಡಾವಣೆಗೆ ಜೀವ ಕೊಟ್ಟವರು ಮಾತ್ರ ಅದು ಇಕ್ಕಟ್ಟಿನಲ್ಲಿ ಹರಡುತ್ತದೆಂದು ಗುರುತಿಸಿದ್ದರು.

ನೂರು ವರ್ಷದ ನಂತರ ಆ ತಿಳಿವಳಿಕೆ ಎಲ್ಲೋ ಕಳೆದುಹೋಯಿತು. 2007ರಲ್ಲಿ ಬಿಬಿಎಂಪಿ ಹುಟ್ಟಿದಾಗ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಗೆ ಸೇರಿದವು. ಈ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ. ಅಷ್ಟು ಹೊತ್ತಿಗೆ ಆ ಹಳ್ಳಿಗಳಲ್ಲಿ ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಿರುತ್ತದೆ.

ಆ ಹದಿನೇಳು ವರ್ಷ ಊರನ್ನು ಸಾಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಅವೂ ಕೈಕೊಟ್ಟವು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು. ಟ್ಯಾಂಕರ್ ಬೆಲೆ ಗಗನಕ್ಕೇರಿದಾಗ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ ಎಂದು ದರ ಕಟ್ಟಿತು. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ಕೈತೊಳೆಯುವ ನಲ್ಲಿಗೆ ಏರೇಟರ್ ಸಿಕ್ಕಿಸಿ ನೀರು ಉಳಿಸುವ ಪಾಠ ನಡೆಯಿತು. ಅದೇ ಪ್ರದೇಶದ ತೂಬರಹಳ್ಳಿ, ಮುನ್ನೇಕೊಳಾಲದ ಶೀಟ್ ಶೆಡ್ಡುಗಳಲ್ಲಿರುವ ಮನೆಗೆಲಸದವರಿಗೆ, ಕಸ ಆಯುವವರಿಗೆ ಉಳಿಸಲು ಮೊದಲು ನೀರೇ ಇರಲಿಲ್ಲ. ಅಪಾರ್ಟ್‌ಮೆಂಟಿನ ಸಂಪ್‌ಗೆ ಮುಚ್ಚಳ, ಪಂಪು ಇವೆ, ನೋಡಿಕೊಳ್ಳಲು ಮೇಂಟೆನೆನ್ಸ್ ಸಿಬ್ಬಂದಿ ಇದ್ದಾರೆ. ಶೆಡ್ಡಿನ ಡ್ರಮ್ಮಿಗೆ ಹೆಚ್ಚೆಂದರೆ ಒಂದು ಹಳೆಯ ಸೀರೆಯ ತುಂಡು. ಈಡಿಸ್ ಮೈಯಿಂದ ಮೈಗೆ ಭೇದ ಮಾಡದಿರಬಹುದು, ಆದರೆ ಅದಕ್ಕೆ ಹುಟ್ಟಲು ಜಾಗ ಕೊಡುವಾಗ ನಗರ ಭೇದ ಮಾಡುತ್ತದೆ.

ಈಗ ಕಾವೇರಿ ಬಂದಿದೆಯಲ್ಲ ಎನ್ನಬಹುದು. ಕೊಳವೆ ಬೀದಿಗೆ ಬಂದ ಮಾತ್ರಕ್ಕೆ ನೀರು ಮನೆಗೆ ಬರುವುದಿಲ್ಲ. ಸಂಪರ್ಕಕ್ಕೆ ಮಾಲೀಕ ಅರ್ಜಿ ಹಾಕಬೇಕು, ಜಲಮಂಡಳಿಗೆ ಶುಲ್ಕ ಕಟ್ಟಬೇಕು. ಎಂಟು ಮನೆಯ ವಠಾರದಿಂದ ತಿಂಗಳಿಗೆ ಬಾಡಿಗೆ ಎಣಿಸಿಕೊಂಡು ಹೋಗುವ ಮಾಲೀಕನಿಗೆ ಅವಸರವೇನೂ ಇರುವುದಿಲ್ಲ. ಡೆಂಗಿ ಬಂದು ಮಲಗುವುದು ಬಾಡಿಗೆದಾರ.

ಪೀಣ್ಯದಲ್ಲಿ ಇನ್ನೊಂದು ನೀರಿನ ಕಥೆಯಿದೆ, ಅದು ಸೊಳ್ಳೆಗಿಂತ ಮೆಲ್ಲಗೆ ಕಚ್ಚುವಂಥದು. ಇಲ್ಲಿನ ಸಣ್ಣ ಸಣ್ಣ ಘಟಕಗಳಲ್ಲಿ ಎಲೆಕ್ಟ್ರೋಪ್ಲೇಟಿಂಗ್ ದೊಡ್ಡ ಕಸುಬು. ಬೈಕಿನ ಬಿಡಿಭಾಗದಿಂದ ಬಚ್ಚಲಿನ ನಲ್ಲಿಯವರೆಗೆ ನಾವು ಕನ್ನಡಿಯಂತೆ ಹೊಳೆಯುವುದನ್ನು ಮೆಚ್ಚುವ ವಸ್ತುಗಳಿಗೆ ಕ್ರೋಮಿಯಂ ಲೇಪ ಹಚ್ಚುವುದು ಇಂಥ ಕಡೆ. ಆ ತೊಟ್ಟಿಗಳಲ್ಲಿ ಬಳಸುವುದು ಷಟ್‌ವೇಲೆನ್ಸಿಯ, ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ. ಅದರ ಹಬೆ ಕುಡಿಯುತ್ತ ವರ್ಷಗಟ್ಟಲೆ ನಿಂತವರಿಗೆ ಮೂಗಿನ ನಡುಗೋಡೆಯಲ್ಲಿ ತೂತು ಬೀಳುವುದು ಜಗತ್ತಿನಾದ್ಯಂತ ಈ ಕಸುಬಿನಲ್ಲಿ ಕಂಡ ಸಂಗತಿ. ಶ್ವಾಸಕೋಶದ ಕ್ಯಾನ್ಸರ್‌ಗೂ ಅದು ಕಾರಣ. ತೊಳೆದ ನೀರನ್ನು ಸರಿಯಾಗಿ ಶುದ್ಧೀಕರಿಸದೆ ಬಿಟ್ಟರೆ ಅದು ಇಳಿಯುವುದು ನೆಲಕ್ಕೆ. ಪೀಣ್ಯದ ಅಂತರ್ಜಲದಲ್ಲಿ ಈ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಹಾಕಿದಾಗ ಪೀಣ್ಯವೂ ಆ ಪಟ್ಟಿಯಲ್ಲಿತ್ತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರ್‌ಗೆ 0.05 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ.

ನೀರು ಕೆಟ್ಟಿದೆ ಎಂದರೆ ನಮ್ಮ ಮನೆಗಳ ಮೊದಲ ಉತ್ತರ ಕುದಿಸುವುದು. ಕುದಿಸಿದರೆ ಕಾಲರಾದ ಕ್ರಿಮಿ ಸಾಯುತ್ತದೆ. ಲೋಹ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ. ಅಜ್ಜಿಯರ ಕಾಲದ ಜಾಣತನ ಪೀಣ್ಯದ ಬಾವಿಯ ಎದುರು ಸೋಲುವುದು ಹೀಗೆ. ಕ್ರೋಮಿಯಂನಿಂದ ಬರುವ ಕಾಯಿಲೆ ಡೆಂಗಿಯ ಹಾಗೆ ವಾರದಲ್ಲಿ ಜ್ವರವಾಗಿ ಕಾಣುವುದೂ ಇಲ್ಲ. ಹತ್ತಿಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವನಿಗೆ ಅಲ್ಲಿ ಕಾಯಿಲೆ ಬಂದರೆ ಅದನ್ನು ಪೀಣ್ಯದ ಲೆಕ್ಕಕ್ಕೆ ಬರೆಯುವವರು ಯಾರು?

ಪೀಣ್ಯದ ಕಡೆಯ ಹೊಲಸು ವೃಷಭಾವತಿಯಲ್ಲಿ ಹರಿದು ಬೈರಮಂಗಲದ ಕೆರೆಗೆ, ಅಲ್ಲಿಂದ ಮುಂದೆ ಅರ್ಕಾವತಿಗೆ ಸೇರುತ್ತದೆ. ಆ ನೀರು ಕಟ್ಟಿ ಬೆಳೆದ ಮೇವು, ತರಕಾರಿ ಮತ್ತೆ ನಗರದ ಮಾರುಕಟ್ಟೆಗೇ ಬರುತ್ತವೆ. ಊರು ಎಸೆದದ್ದು ಊಟದ ಎಲೆಗೇ ಮರಳುತ್ತದೆ.

ನಗರದ ಪೂರ್ವ ದಿಕ್ಕಿನ ಕಥೆ ಬಹಳ ಜನಕ್ಕೆ ಗೊತ್ತು, ಏಕೆಂದರೆ ಅದು ಕಣ್ಣಿಗೆ ರಾಚುವಂತೆ ನೊರೆಯಾಗಿ ಎದ್ದಿತು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ಬಟ್ಟೆ ತೊಳೆಯುವ ಸೋಪಿನ ರಾಸಾಯನಿಕಗಳು ಕಡೆದು ನೊರೆಯಾಗಿ ರಸ್ತೆಗೆ ಹಾರಿದವು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಕೆರೆಗಳ ಸ್ಥಿತಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಎಚ್ಚರಿಸುತ್ತಲೇ ಇತ್ತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಉರಿಯಿತು. ಆರಿಸಲು ಸೇನೆಯ ಯೋಧರು ಇಳಿಯಬೇಕಾಯಿತು. ಕೆರೆಗೆ ಬೆಂಕಿ ಬೀಳುವ ಊರು ಎಂದು ಬೆಂಗಳೂರಿಗೆ ಜಗತ್ತಿನಲ್ಲಿ ಹೆಸರು ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಮೊದಲು ಕಟ್ಟಡ, ಆಮೇಲೆ ಒಳಚರಂಡಿ ಎಂಬ ಪದ್ಧತಿಗೆ ಬಿದ್ದ ಬಿಲ್ಲು ಅದು. ರಾಜಕಾಲುವೆಗಳನ್ನು ಒತ್ತಿಕೊಂಡದ್ದರ ಬಿಲ್ಲು 2022ರ ಸೆಪ್ಟೆಂಬರ್‌ನಲ್ಲಿ ಪ್ರವಾಹವಾಗಿ ಬಂತು. ಹೊರವರ್ತುಲ ರಸ್ತೆಯ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ನಗುವ ಫೋಟೊಗಳು ಎಲ್ಲ ಕಡೆ ಬಂದವು. ನೆಲಮಹಡಿಯ ಸಂಪ್‌ಗೆ ಚರಂಡಿ ನೀರು ನುಗ್ಗಿದ್ದು ಅಷ್ಟು ಚೆನ್ನಾದ ಫೋಟೊ ಆಗಲಿಲ್ಲ.

ರಸ್ತೆಯೂ ಮೈಗೆ ಹತ್ತುತ್ತದೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು 34 ನಿಮಿಷ ಬೇಕಿತ್ತು. ಕುರ್ಚಿಯಲ್ಲಿ ಒಂಬತ್ತು ಗಂಟೆ, ಕ್ಯಾಬಿನಲ್ಲಿ ಮೂರು ಗಂಟೆ ಕೂರುವ ಐಟಿ ಉದ್ಯೋಗಿಗೆ ನಡೆಯಲು ಹೊತ್ತೂ ಇಲ್ಲ, ಫುಟ್‌ಪಾತೂ ಇಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನ ಹೇಳಿತು. ಹಳ್ಳಿಗಿಂತ ನಗರದಲ್ಲಿ ಅದರ ಪ್ರಮಾಣ ಹೆಚ್ಚೂಕಡಿಮೆ ಎರಡು ಪಟ್ಟು. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಲುಪಿದ್ದು ಒಳ್ಳೆಯದೇ ಆಯಿತು, ಎಲೆಕ್ಟ್ರಾನಿಕ್ ಸಿಟಿ ಹುಟ್ಟಿ ನಾಲ್ಕೂವರೆ ದಶಕ ಕಳೆದ ಮೇಲೆ ಎಂಬುದನ್ನು ಬಿಟ್ಟರೆ. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳ ಮೈಗೆ ಹತ್ತಿದ್ದು ಇನ್ನೊಂದು ಬಗೆ. ಗಂಟೆಯ ಟಾರ್ಗೆಟ್ ತಪ್ಪೀತೆಂದು ನೀರೇ ಕುಡಿಯದೆ, ಟಾಯ್ಲೆಟ್ಟಿಗೆ ಏಳದೆ ಮಿಷನ್ ಮುಂದೆ ಕೂರುವುದು. ಅದರಿಂದ ಬರುವ ಮೂತ್ರದ ಸೋಂಕು, ಸೊಂಟನೋವು.

ಬೆಂಗಳೂರು ಇದರಲ್ಲಿ ಒಂಟಿಯಲ್ಲ. ಕೀನ್ಯಾದ ರಾಜಧಾನಿ ನೈರೋಬಿಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಮುಕುರು ಬಡಾವಣೆಯನ್ನು ಪೀಣ್ಯದವರು ನೋಡಿದರೆ ದಾರಿ ಕೇಳದೆ ಓಡಾಡಿಯಾರು. ಅದೇ ತಗಡಿನ ಸಾಲುಮನೆ, ಅದೇ ಕಾರ್ಖಾನೆಯ ಹೊಗೆ, ಅದೇ ಕ್ಯಾನಿನ ನೀರು. ಅಲ್ಲಿಯೂ ಬಡವರು ಒಂದು ಲೀಟರ್ ನೀರಿಗೆ ನಲ್ಲಿಯುಳ್ಳ ಬಡಾವಣೆಯವರಿಗಿಂತ ಹೆಚ್ಚು ಕೊಡುತ್ತಾರೆ. ನೈರೋಬಿಯ ಆಡಳಿತ 2017ರಲ್ಲಿ ಮುಕುರುವನ್ನು ವಿಶೇಷ ಯೋಜನಾ ಪ್ರದೇಶವೆಂದು ಘೋಷಿಸಿ, ಅಲ್ಲಿನ ನಿವಾಸಿಗಳನ್ನೇ ಕೂರಿಸಿಕೊಂಡು ನೀರು, ಚರಂಡಿ, ರಸ್ತೆ, ಆರೋಗ್ಯವನ್ನು ಒಂದೇ ನಕ್ಷೆಯಲ್ಲಿ ಬರೆಯಲು ಹೊರಟಿತು. ನಮ್ಮಲ್ಲಿ ನೀರು ಜಲಮಂಡಳಿಯದು, ಕಾರ್ಖಾನೆಯ ಜಾಗ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದು, ಹೊಗೆ ಮಾಲಿನ್ಯ ಮಂಡಳಿಯದು, ಸೊಳ್ಳೆ ಪಾಲಿಕೆಯದು. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್‌ಗಳಿಗೆ 2013ರಿಂದ ಬೇರೆಯೇ ಟೌನ್‌ಶಿಪ್ ಪ್ರಾಧಿಕಾರವಿದೆ. ಬೇಲಿಯಾಚೆಯ ಹಳ್ಳಿಗೆ ಇನ್ನೊಂದು ಆಡಳಿತ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಈ ಐದೂ ತಮ್ಮ ಮೊದಲ ನಕ್ಷೆಯಲ್ಲಿ ಎಷ್ಟು ವಠಾರಗಳಿಗೆ ನಲ್ಲಿಯಿಲ್ಲ ಎಂಬ ಲೆಕ್ಕ ಬರೆದರೆ ಅರ್ಧ ಕೆಲಸವಾದಂತೆ.

ಡ್ರಮ್ಮಿನ ಮನೆಗೆ ಜ್ವರ ಬಂದಾಗ ಎಲ್ಲಿಗೆ ಹೋಗಬೇಕು? ಗಾರ್ಮೆಂಟ್ಸ್‌ನವರಿಗೆ ಇಎಸ್‌ಐ ವಿಮೆ ಇದೆ, ಪೀಣ್ಯದಲ್ಲಿ ಅದರ ಆಸ್ಪತ್ರೆಯೂ ಇದೆ. ಕಾಯಿಲೆ ರಜೆಗೆ ಕೂಲಿಯ ಶೇ 70 ಸಿಗುತ್ತದೆ, ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಶೆಡ್ಡಿನ ಮನೆಗೆಲಸದವರಿಗೆ ಅದೂ ಇಲ್ಲ. ಅಂಥವರಿಗೆಂದೇ ಸರ್ಕಾರ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ 108 ನಮ್ಮ ಕ್ಲಿನಿಕ್‌ಗಳನ್ನು ತೆರೆಯಿತು: ಹತ್ತಿರದಲ್ಲೇ ಡಾಕ್ಟರು, ರಕ್ತಪರೀಕ್ಷೆ, ಔಷಧ, ಎಲ್ಲವೂ ಉಚಿತ. ಶುರುವಾದಾಗ ಇಟ್ಟುಕೊಂಡ ವೇಳೆ ಬೆಳಗ್ಗೆ 9ರಿಂದ ಸಂಜೆ 4:30. ಗಾರ್ಮೆಂಟ್ಸ್ ಬಿಡುವುದು ಐದೂವರೆಗೆ.