ಬಯೋದಿಂದ ಕಂಪನಿ ಹೆಸರು ತೆಗೆದರೆ ಏನು ಉಳಿಯುತ್ತೆ?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಅಚ್ಚುಕಟ್ಟು ಮಾಡಿ ಇಲ್ಲಿ ಕೊಟ್ಟಿದ್ದೀನಿ. ಈ ಸಲದ ವಿಷಯ ಚಿಕ್ಕದು: ನಿಮ್ಮ ಪ್ರೊಫೈಲ್ ಫೋಟೋ ಕೆಳಗೆ ಬರುವ ಎರಡು ಸಾಲು, ಅಂದ್ರೆ ಬಯೋ.

ನಮ್ಮಂಥವರ ಬಯೋ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಮೊದಲು ಡೆಸಿಗ್ನೇಷನ್, ಆಮೇಲೆ ಕಂಪನಿ ಹೆಸರು, ಆಮೇಲೆ ‘ಫುಡೀ, ಟ್ರಾವೆಲರ್, ಡ್ರೀಮರ್’. ಹಿಂಜೇವಾಡಿಯ ಯಾವ ಪಿಜಿ ಬಾಗಿಲು ತಟ್ಟಿದರೂ ಇಂಥವರು ಹತ್ತು ಜನ ಸಿಗ್ತಾರೆ. ಸುಳ್ಳೇನೂ ಅಲ್ಲ. ಆದರೆ ಓದಿದ ಮರುಕ್ಷಣವೇ ಮರೆತುಹೋಗುತ್ತೆ.

ನನ್ನ ಪರಿಚಯದ ಒಬ್ಬರು ಒಂದೇ ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದರು. ಅವರ ಬಯೋ ಅಂದ್ರೆ ಹುದ್ದೆ ಮತ್ತು ಕಂಪನಿ, ಅಷ್ಟೇ. ಒಂದು ದಿನ ಹದಿನೈದು ನಿಮಿಷದ ಮೀಟಿಂಗ್ ಆಯ್ತು, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್. ಆಮೇಲೆ ಅವರು ಹೇಳಿದ ಮಾತು: “ಕೆಲಸ ಹೋದದ್ದಕ್ಕಿಂತ ಆ ಸಾಲು ಅಳಿಸೋದು ಕಷ್ಟ ಆಯ್ತು ಮಾರಾಯಾ. ಅಳಿಸಿದ ಮೇಲೆ ಬರೆಯೋಕೆ ಏನೂ ಹೊಳೀಲಿಲ್ಲ.” ಹಾಗಾಗಿ ನಾನು ಹೇಳೋ ಮೊದಲ ಪರೀಕ್ಷೆ ಇದು. ನಿಮ್ಮ ಬಯೋದಿಂದ ಕಂಪನಿ ಹೆಸರು ತೆಗೆದು ಓದಿ. ಉಳಿದದ್ದರಲ್ಲಿ ನೀವು ಕಾಣ್ತೀರಾ?

ಅವರು ಕೊನೆಗೆ ಲಿಂಕ್ಡ್‌ಇನ್‌ನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳೋದಾದ್ರೆ ಹೀಗಿತ್ತು: ‘ಜಾವಾ ಬ್ಯಾಕೆಂಡ್ ಎಂಜಿನಿಯರ್. ರಾತ್ರಿ ಎರಡಕ್ಕೆ ಪೇಮೆಂಟ್ ನಿಂತುಹೋದರೆ ಎದ್ದು ಸರಿಮಾಡುವವನು.’ ಮೊದಲ ಭಾಗ ರಿಕ್ರೂಟರ್ ಹುಡುಕುವ ಪದಗಳು, ಎರಡನೇ ಭಾಗ ನೆನಪಲ್ಲಿ ಉಳಿಯುವ ಚಿತ್ರ. ಇದನ್ನು ಯಾವ ಎಚ್‌ಆರ್ ಕೂಡ ವಾಪಸ್ ಕೇಳೋಕಾಗಲ್ಲ.

ಈಗ ಜಾಗದ ಲೆಕ್ಕ. ಇನ್‌ಸ್ಟಾಗ್ರಾಮ್ ಬಯೋಗೆ 150 ಅಕ್ಷರ, ಎಕ್ಸ್‌ಗೆ 160, ವಾಟ್ಸಾಪ್‌ನ ಅಬೌಟ್‌ಗೆ 139, ಲಿಂಕ್ಡ್‌ಇನ್ ಹೆಡ್‌ಲೈನ್‌ಗೆ 220. ಕನ್ನಡದಲ್ಲಿ ಬರೆಯೋರು ಒಂದು ವಿಷಯ ಗಮನಿಸಬೇಕು. ‘ಕನ್ನಡಿಗ’ ಅನ್ನೋದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ: ಕ, ನ, ಒತ್ತು ಕೊಡೋಕೆ ಬೇಕಾದ ಹಲಂತ ಚಿಹ್ನೆ, ಮತ್ತೊಂದು ನ, ಡ, ಅದರ ಗುಡಿಸು, ಗ. ‘ಕ್ಷ’ ಒಂದಕ್ಕೇ ಮೂರು. ಹಾಗಾಗಿ ಭಾರದ ಪದ ಹಾಕಿದಷ್ಟೂ ಜಾಗ ಬೇಗ ಮುಗಿಯುತ್ತೆ. ‘ತಂತ್ರಾಂಶ ಅಭಿವೃದ್ಧಿಗಾರ’ ಅಂದ್ರೆ 21 ಸಂಕೇತ, ‘ಕೋಡ್ ಬರೀತೀನಿ’ ಅಂದ್ರೆ 12. ಆಡುಮಾತು ಇಲ್ಲಿ ಅಗ್ಗವೂ ಹೌದು, ಆಪ್ತವೂ ಹೌದು.

ಜಾಗ ಕಮ್ಮಿ ಅಂತ ಬೇಜಾರು ಬೇಡ. ನಮ್ಮಲ್ಲಿ ಮೂರೇ ಅಕ್ಷರದ ಬಯೋ ಇದೆ: ಕುವೆಂಪು. ಕುಪ್ಪಳಿ ಅನ್ನೋ ಊರು, ವೆಂಕಟಪ್ಪ ಅನ್ನೋ ತಂದೆ, ಪುಟ್ಟಪ್ಪ ಅನ್ನೋ ಅವರ ಹೆಸರು, ಎಲ್ಲಾ ಅದರೊಳಗೇ ಇದೆ. ಮಾಸ್ತಿಯವರನ್ನು ಕೋಲಾರ ಜಿಲ್ಲೆಯ ಅವರ ಊರಿನ ಹೆಸರಿಂದಲೇ ಕರೀತೀವಿ. ಕನಕದಾಸರ ಅಂಕಿತದಲ್ಲಿ ಕಾಗಿನೆಲೆ ಇದೆ. ‘ಯಾರಪ್ಪಾ ನೀನು?’ ಅಂದ್ರೆ ಊರಿಂದ ಶುರುಮಾಡೋದು ನಮ್ಮ ಹಳೇ ರೂಢಿ. ಊರು ಬಿಟ್ಟು ಬಂದ ನಮಗೆ ಅದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತೆ. ‘ಬೆಂಗಳೂರು’ ಅಂತ ಬರೆದರೆ ಯಾರೂ ತಿರುಗಿ ನೋಡಲ್ಲ, ‘ಶಿರಸಿ’ ಅಂತ ಬರೆದರೆ ‘ಓ, ನಮ್ಮ ಕಡೆಯವರು’ ಅಂತ ಒಬ್ಬರಾದರೂ ಮೆಸೇಜ್ ಮಾಡ್ತಾರೆ. ಗೊತ್ತಿಲ್ಲದ ಊರಲ್ಲಿ ಬಾಡಿಗೆ ಮನೆ, ಕೆಲಸಕ್ಕೆ ರೆಫರಲ್, ಹಬ್ಬದ ದಿನ ಒಂದು ಊಟ, ಎಷ್ಟೋ ಸಲ ಹೀಗೇ ಸಿಗೋದು.

ಒಂದು ಮಾದರಿ ನೋಡೋಣ: ‘ಹಾವೇರಿ ಹುಡುಗಿ, ಹೈದರಾಬಾದ್ ವಾಸಿ. ಹಗಲು ಟೆಸ್ಟಿಂಗ್, ಸಂಜೆ ಬ್ಯಾಡ್ಮಿಂಟನ್. ಜೋಳದ ರೊಟ್ಟಿ ಎಲ್ಲಿ ಸಿಗುತ್ತೆ ಅಂತ ಕೇಳಿ, ಹೇಳ್ತೀನಿ.’ ಚುಕ್ಕಿ, ಖಾಲಿ ಜಾಗ ಎಲ್ಲಾ ಸೇರಿ 112 ಸಂಕೇತ. ಇದರಲ್ಲಿ ಮೂರು ಕೆಲಸ ಆಗಿದೆ. ಎಲ್ಲಿಂದ ಬಂದೆ, ಎಲ್ಲಿದ್ದೀನಿ ಅನ್ನೋದು ಒಂದು. ಏನು ಮಾಡ್ತೀನಿ ಅನ್ನೋದು ಎರಡು. ಮೂರನೆಯದು ಮುಖ್ಯ: ಮಾತು ಶುರುಮಾಡೋಕೆ ಓದುವವರಿಗೆ ಒಂದು ನೆಪ. ‘ಫುಡೀ’ ಅಂದ್ರೆ ಯಾರೂ ಏನೂ ಕೇಳಲ್ಲ, ‘ಜೋಳದ ರೊಟ್ಟಿ’ ಅಂದ್ರೆ ಕೇಳ್ತಾರೆ.

ಒಂದೇ ಬಯೋವನ್ನು ಎಲ್ಲಾ ಕಡೆ ಅಂಟಿಸಬೇಡಿ. ಲಿಂಕ್ಡ್‌ಇನ್‌ನಲ್ಲಿ ಓದೋದು ರಿಕ್ರೂಟರ್, ಅಲ್ಲಿ ಇಂಗ್ಲಿಷ್ ಇರಲಿ, ಕೆಲಸದ ಪದ ಮೊದಲು ಬರಲಿ. ಕಾಮೆಂಟ್ ಪಕ್ಕದಲ್ಲಿ ಹೆಡ್‌ಲೈನ್‌ನ ಮೊದಲ ತುಂಡು ಮಾತ್ರ ಕಾಣೋದರಿಂದ ಮುಖ್ಯವಾದ್ದನ್ನು ಕೊನೆಗೆ ಇಟ್ಟರೆ ಇಟ್ಟೂ ಇಲ್ಲದ ಹಾಗೆ. ಇನ್‌ಸ್ಟಾಗ್ರಾಮ್‌ನಲ್ಲಿ ಓದೋದು ಗೆಳೆಯರು, ಗೆಳೆಯರಾಗಬಹುದಾದವರು. ಅಲ್ಲಿ ಕನ್ನಡ ಲಿಪಿಯಲ್ಲೇ ಬರೀರಿ. ಸ್ಕ್ರೋಲ್ ಮಾಡೋ ಕನ್ನಡಿಗರ ಕಣ್ಣು ಅಲ್ಲೇ ನಿಲ್ಲುತ್ತೆ.

ಬಯೋದಲ್ಲಿ ಹಾಕಬಾರದ್ದೂ ಇದೆ: ಫೋನ್ ನಂಬರ್, ಪೂರ್ತಿ ಹುಟ್ಟಿದ ದಿನಾಂಕ, ಇರೋ ಅಪಾರ್ಟ್‌ಮೆಂಟ್ ಹೆಸರು, ಕ್ಲೈಂಟ್ ಹೆಸರು. ಮೊದಲ ಮೂರು ಮೋಸ ಮಾಡೋರಿಗೆ ಅನುಕೂಲ. ನಾಲ್ಕನೆಯದು ನಿಮ್ಮ ಕಂಪನಿಯ ಗೋಪ್ಯತೆಯ ಒಪ್ಪಂದಕ್ಕೇ ಅಡ್ಡ ಬರಬಹುದು. ಊರು ಹೇಳಿ, ವಿಳಾಸ ಹೇಳಬೇಡಿ.

ಕೊನೆಯದಾಗಿ, ಬರೆದ ಮೇಲೆ ಮಾಡೋ ಪರೀಕ್ಷೆ. ಬಯೋವನ್ನು ರೂಮ್‌ಮೇಟ್‌ಗೆ ಒಂದೇ ಸಲ ಜೋರಾಗಿ ಓದಿ ಹೇಳಿ. ಊಟ ಎಲ್ಲಾ ಆದ ಮೇಲೆ ‘ಏನು ನೆನಪಿದೆ?’ ಅಂತ ಕೇಳಿ. ಅವರ ಬಾಯಿಂದ ಬರೋ ಆ ಒಂದು ಮಾತೇ ನಿಮ್ಮ ನಿಜವಾದ ಬಯೋ. ಏನೂ ಬರದಿದ್ದರೆ ಎರಡು ಪದ ಕಿತ್ತು ಒಂದು ಹೊಸದು ಹಾಕಿ, ಮತ್ತೆ ಓದಿ. ಹತ್ತು ನಿಮಿಷದ ಕೆಲಸ. ಈ ಶನಿವಾರ ಬಟ್ಟೆ ಮೆಷಿನ್‌ಗೆ ಹಾಕಿ ಕೂತಾಗ ಮಾಡಿ ಮುಗಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.