ಸ್ಕ್ರೀನ್ ಕಪ್ಪಾದ್ರೆ ಕಾರೇ ಕೆಟ್ಟಂಗೇನ್ರಿ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಕಾರಿನ ಡ್ಯಾಶ್‌ಬೋರ್ಡ್ ಮೇಲಿರೋ ಟಚ್‌ಸ್ಕ್ರೀನ್. ಕಂಪನಿಯವರು ಇದಕ್ಕ ಇನ್ಫೋಟೈನ್‌ಮೆಂಟ್ ಸಿಸ್ಟಮ್ ಅಂತಾರ. ಹಾಡು, ಮ್ಯಾಪ್, ಫೋನು, ರಿವರ್ಸ್ ಕ್ಯಾಮೆರಾ, ಕೆಲವು ಕಾರಿನಾಗ ಎಸಿ ಕೂಡ ಅದರೊಳಗೇ. ಅದೊಂದು ಬಂದ್ ಆದ್ರೆ ಐದಾರು ಕೆಲಸ ಒಮ್ಮೆಲೇ ನಿಲ್ತಾವ.

ಶಿಗ್ಗಾಂವಿಯವರು ಹೆದ್ದಾರಿ ಹಿಡಿದ್ರೆ ಹುಬ್ಬಳ್ಳಿ ಹತ್ತಿರ. ಆದ್ರೆ ಹಾನಗಲ್, ಸವಣೂರು, ಹಿರೇಕೆರೂರಿನ ಹಳ್ಳಿಗಳಿಂದ ದೊಡ್ಡ ಸರ್ವಿಸ್ ಸೆಂಟರ್‌ಗೆ ಹೋಗಿ ಬರೋದಂದ್ರೆ ಒಂದು ದಿನದ ದುಡಿಮೆ ಹೋದಂಗ. ಅದಕ್ಕೇ ಮೂರು ಪ್ರಶ್ನೆ ಇಟ್ಟುಕೊಳ್ಳೋಣ. ಗಾಡಿ ಓಡಿಸಬಹುದಾ? ಮನೆ ಮುಂದೇ ಏನು ಮಾಡಬಹುದು? ಬಿಲ್ ದೊಡ್ಡದಾದ್ರೆ ಏನು ಕೇಳಬೇಕು?

ಮೊದಲನೇದು, ಓಡಿಸೋ ಮಾತು. ಎಂಜಿನ್, ಬ್ರೇಕ್, ಸ್ಟೇರಿಂಗ್‌ಗೆ ಬೇರೆ ಕಂಪ್ಯೂಟರ್‌ಗಳು ಇರ್ತಾವ. ಬರೀ ಸ್ಕ್ರೀನ್ ಕಪ್ಪಾದ್ರೆ ಸಾಮಾನ್ಯವಾಗಿ ಕಾರು ಓಡ್ತದ. ಆದರೆ ಸ್ಪೀಡೋಮೀಟರ್ ಹತ್ತಿರ ಬ್ಯಾಟರಿ ಅಥವಾ ಬೇರೆ ಎಚ್ಚರಿಕೆ ದೀಪಗಳೂ ಹತ್ತಿದ್ರೆ ಅದು ಸ್ಕ್ರೀನ್ ಸಮಸ್ಯೆ ಅಷ್ಟೇ ಅಲ್ಲ, ದೂರ ಹೋಗಬ್ಯಾಡ್ರಿ.

ನಿಜವಾದ ಅಪಾಯ ಇರೋದು ಹಿಂದಕ್ಕೆ ತಗೊಳ್ಳುವಾಗ. ಅಂಗಳದಾಗ ಹುಡುಗರು ಆಡ್ತಿರ್ತಾರ, ನಮಗೋ ಕ್ಯಾಮೆರಾ ನೋಡೋ ರೂಢಿ ಆಗಿಬಿಟ್ಟದ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಆದ್ರೆ ಕೆಲವು ಕಾರುಗಳಲ್ಲಿ ಅದರ ಬೀಪ್ ಸದ್ದೂ ಇದೇ ಸಿಸ್ಟಮ್‌ನ ಸ್ಪೀಕರ್‌ನಿಂದ ಬರ್ತದ. ಸ್ಕ್ರೀನ್ ಹೋದ ದಿನವೇ ಗೋಡೆ ಹತ್ತಿರ ನಿಧಾನಕ್ಕೆ ರಿವರ್ಸ್ ಹಾಕಿ ಬೀಪ್ ಬರ್ತದೋ ಇಲ್ಲೋ ನೋಡ್ರಿ. ಬಂದ್ರೂ ಬರದಿದ್ರೂ, ರಿಪೇರಿ ಆಗೋ ತನಕ ಇಳಿದು ಹಿಂದೆ ನೋಡಿಯೇ ಗಾಡಿ ತೆಗೀರಿ.

ಎರಡನೇದು, ಮನೆ ಮುಂದೆ ಮಾಡೋದು. ಬಿಸಿಲಿಗೆ ನಿಂತ ಕಾರಿನಾಗ ಸ್ಕ್ರೀನ್ ಬಂದ್ ಆಗಿದ್ರೆ ಕಿಟಕಿ ತೆಗೆದು ಒಳಗೆ ತಂಪಾಗಲು ಬಿಡ್ರಿ. ತನ್ನನ್ನು ತಾನು ಉಳಿಸಿಕೊಳ್ಳಾಕ ಅದು ಆಫ್ ಆಗಿರಬಹುದು. ಆಂಡ್ರಾಯ್ಡ್ ಆಟೋ ಪದೇ ಪದೇ ಕಡಿತ ಆಗ್ತಿದ್ರೆ ಮೊದಲು ಕೇಬಲ್ ಬದಲಿಸ್ರಿ. ಪೆನ್‌ಡ್ರೈವ್ ಹಾಕಿದ ಮೇಲೆ ಹ್ಯಾಂಗ್ ಆಗಿದ್ರೆ ಅದನ್ನು ತೆಗೀರಿ. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡೀರಿ. ಬಹಳ ಮಾಡೆಲ್‌ಗಳು ಇದರಿಂದ ರೀಸ್ಟಾರ್ಟ್ ಆಗ್ತಾವ, ನಿಮ್ಮ ಕಾರಿನ ಕ್ರಮ ಮ್ಯಾನ್ಯುಯಲ್‌ನಲ್ಲಿ ಇರ್ತದ.

ಅದಕ್ಕೂ ಬಗ್ಗದಿದ್ರೆ ಫ್ಯೂಸ್ ನೋಡ್ರಿ. ಸುಟ್ಟಿದ್ರೆ ಅಷ್ಟೇ ಆಂಪಿಯರ್‌ದು ಹಾಕಬೇಕು, ಹೆಚ್ಚಿಂದು ಹಾಕಿದ್ರೆ ವೈರಿಂಗ್ ಸುಡೋ ಭಯ. ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬ್ಯಾಟರಿ ವೋಲ್ಟೇಜ್ ಚೆಕ್ ಮಾಡಿಸ್ರಿ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ರೆ ಚಲೋ. ಬಹಳ ಇಳಿದಿದ್ರೆ ಸ್ಟಾರ್ಟ್ ಮಾಡುವಾಗ ಸ್ಕ್ರೀನ್ ಸಾಯ್ತದ. ಅಲ್ಲಿ ಕೆಟ್ಟಿರೋದು ಬ್ಯಾಟರಿ. ಎಲೆಕ್ಟ್ರಿಕ್, ಹೈಬ್ರಿಡ್ ಕಾರಾದ್ರೆ ಮಾತ್ರ ನೀವೇ ಏನೂ ಬಿಚ್ಚಬ್ಯಾಡ್ರಿ.

ಇಷ್ಟಾದ್ರೂ ಏಳಲಿಲ್ಲ ಅಂದ್ರೆ ದೋಷ ಒಳಗದ. ಇದು ನಮ್ಮೂರಿನ ಕಥೆ ಅಷ್ಟೇ ಅಲ್ಲ. 2021ರಲ್ಲಿ ಅಮೆರಿಕದಾಗ ಟೆಸ್ಲಾ ಸುಮಾರು 1,35,000 ಕಾರುಗಳನ್ನು ವಾಪಸ್ ಕರೆಸಬೇಕಾಯ್ತು. ಸ್ಕ್ರೀನ್ ಹಿಂದಿನ ಮೆಮೊರಿ ಚಿಪ್ ಬರೆದು ಬರೆದು ಸವೆದುಹೋಗಿ, ರಿವರ್ಸ್ ಕ್ಯಾಮೆರಾ ಕೂಡ ನಿಲ್ತಿತ್ತು. 2022ರ ಶುರುವಿನಲ್ಲಿ ಸಿಯಾಟಲ್‌ನ ಒಂದು ರೇಡಿಯೋ ಸ್ಟೇಷನ್ ಕಳಿಸಿದ ಚಿತ್ರದ ಫೈಲ್ ಸರಿ ಇರಲಿಲ್ಲ ಅಂತ, ಆ ಸ್ಟೇಷನ್ ಕೇಳ್ತಿದ್ದ ಕೆಲವು ಹಳೇ ಮಜ್ದಾ ಕಾರುಗಳ ಸಿಸ್ಟಮ್ಮೇ ಸಿಕ್ಕಿಬಿತ್ತು. ಎರಡೂ ಕಡೆ ಮಾಲೀಕರ ತಪ್ಪಿರಲಿಲ್ಲ. ಹಿಂಗಾಗಿ ‘ನೀವು ಹೆಂಗೆಂಗೋ ಬಳಸಿದ್ರಿ’ ಅಂದ್ರೆ ಸುಮ್ಮನೆ ತಲೆ ಆಡಿಸಬ್ಯಾಡ್ರಿ.

ಮೂರನೇದು, ಬಿಲ್. ಕೌಂಟರ್‌ನಲ್ಲಿ ಸಾಮಾನ್ಯವಾಗಿ ಬರೋ ಮಾತು, ‘ಬೋರ್ಡ್ ಹೋಗ್ಯದ, ಇಡೀ ಯೂನಿಟ್ ಬದಲಿಸಬೇಕು’. ಆಗ ಕೇಳ್ರಿ: ಎರರ್ ಕೋಡ್ ಏನು ಬಂತು? ಸಾಫ್ಟ್‌ವೇರ್ ಮತ್ತೆ ಹಾಕಿ ನೋಡಿದ್ರಾ? ಫ್ಯೂಸ್, ವೋಲ್ಟೇಜ್ ಪರೀಕ್ಷೆ ಆಯ್ತಾ? ಉತ್ತರ ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ರಿ. ಬಾಯಿಮಾತಿಗೆ ಲೆಕ್ಕದಾಗ ಬೆಲೆ ಇಲ್ಲ. ವಾರಂಟಿ ಪುಸ್ತಕ ತೆಗೆದು ಈ ಸಿಸ್ಟಮ್‌ಗೆ ಬೇರೆ ಅವಧಿ ಹಾಕಿದಾರಾ ನೋಡ್ರಿ. ವಾರಂಟಿ ಮುಗಿದು ಸ್ವಲ್ಪೇ ದಿನ ಆಗಿದ್ರೆ, ಖರ್ಚಿನಲ್ಲಿ ಪಾಲು ಕೊಡ್ರಿ ಅಂತ ಕಂಪನಿಗೇ ಇಮೇಲ್ ಹಾಕ್ರಿ.

ಹೊರಗಿನ ಸ್ಟೀರಿಯೋ ಹಾಕಿಸೋದಾದ್ರೆ ವೈರ್ ಕತ್ತರಿಸದೆ ಕಪ್ಲರ್ ಮೂಲಕವೇ ಕೂಡಿಸಬೇಕು ಅಂತ ಮೊದಲೇ ಹೇಳ್ರಿ. ಕತ್ತರಿಸಿದ್ರೆ ವೈರಿಂಗ್ ವಾರಂಟಿಗೆ ತಕರಾರು ಬರ್ತದ. ಕಾರಿನ ಎಸಿ, ಸೆಟ್ಟಿಂಗ್ ಹಳೇ ಸ್ಕ್ರೀನ್ ಒಳಗೇ ಇದ್ರೆ ಈ ದಾರಿ ಆಗೋದು ಕಷ್ಟ.

ನ್ಯಾಯ ಸಿಗಲಿಲ್ಲ ಅಂದ್ರೆ ಮೊದಲು 1915ಕ್ಕೆ ಕರೆ ಮಾಡ್ರಿ, ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಡೀಲರ್ ಹುಬ್ಬಳ್ಳಿಯವರಾದ್ರೂ ನೀವು ಹಾವೇರಿಯಲ್ಲೇ ಹಾಕ್ರಿ. ವಕೀಲರು ಕಡ್ಡಾಯ ಅಲ್ಲ. ಕಾರಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, 10 ಲಕ್ಷದ ತನಕ 200 ರೂಪಾಯಿ, 20 ಲಕ್ಷದ ತನಕ 400. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ಹೊಟ್ಟೆಪಾಡಿಗೆ ಸ್ವಂತ ಟ್ಯಾಕ್ಸಿ ಓಡಿಸೋರೂ ಗ್ರಾಹಕರೇ.

ಒಂದು ಮಾತು ನೆನಪಿರಲಿ. ಸ್ಕ್ರೀನ್ ಹೋಯ್ತು, ಹೊಸ ಕಾರೇ ಕೊಡ್ರಿ ಅಂದ್ರೆ ಸಿಗೋದು ಕಷ್ಟ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಇರೋದು ಕೆಟ್ಟ ಭಾಗ ಬದಲಿಸಲಿಕ್ಕೆ, ಇಡೀ ಗಾಡಿಗಲ್ಲ ಅಂತು. ಆದ್ರೂ ಓಡಾಟದ ಖರ್ಚು ಅಂತ 50,000 ರೂಪಾಯಿ ಕೊಡಿಸ್ತು. ಅದಕ್ಕ ಸರ್ವಿಸ್ ಸೆಂಟರ್‌ಗೆ ಅಲೆದಾಡಿದ ಬಸ್ ಟಿಕೆಟ್, ಡೀಸೆಲ್ ಬಿಲ್ ಬಿಸಾಡಬ್ಯಾಡ್ರಿ. ಜಾಬ್ ಕಾರ್ಡ್ ಜೊತೆ ಒಂದೇ ಕವರ್‌ನಾಗ ಇಡ್ರಿ.

ನಿಮ್ಮ ಪ್ರಶ್ನೆ ಕಳಿಸ್ತಾ ಇರ್ರಿ.